ಮಗಳ ಕೂದಲಿಗೆ ನಾನು ಮಾಡಿದ್ದು

ಪಾರ್ಲರಿನ ರಾಸಾಯನಿಕ ಬೇಡ ಎಂದು ನಾನು ತೀರ್ಮಾನ ಮಾಡಿದ್ದು ಸರಿಯಾಗಿಯೇ ಇತ್ತು. ತಪ್ಪಿದ್ದು ಅದರ ನಂತರ.

ನಮ್ಮ ಮನೆಯ ಹೆಣ್ಣುಮಕ್ಕಳಿಗೆಲ್ಲ ಗುಂಗುರು ಕೂದಲು. ಅಮ್ಮನಿಗೆ ಇತ್ತು, ನನಗೆ ಬಂತು, ಮಗಳಿಗೂ ಬಂತು. ಅವಳು ಹೈಸ್ಕೂಲು ಸೇರಿದ ವರ್ಷ, ಗೆಳತಿಯರಂತೆ ತಾನೂ ಸ್ಮೂದನಿಂಗ್ ಮಾಡಿಸಿಕೊಳ್ಳುತ್ತೇನೆ ಎಂದು ಹಟ ಹಿಡಿದಳು. ನಾನು ಒಂದಷ್ಟು ಓದಿಕೊಂಡಿದ್ದೆ. ಕೆರಾಟಿನ್ ಟ್ರೀಟ್‌ಮೆಂಟ್ ಎಂಬ ಮುದ್ದಾದ ಹೆಸರಿನ ಕೆಲವು ದ್ರಾವಣಗಳಿಗೆ ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಹೊರಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು 2004ರಲ್ಲೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. 2022ರಲ್ಲಿ ಅಮೆರಿಕದ ಅಧ್ಯಯನವೊಂದು ಪ್ರಕಟವಾಯಿತು. 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿದ ಸಂಶೋಧಕರು, ಕೂದಲು ನೇರಗೊಳಿಸುವ ರಾಸಾಯನಿಕಗಳನ್ನು ಪದೇಪದೇ ಬಳಸುವವರಲ್ಲಿ ಗರ್ಭಕೋಶದ ಕ್ಯಾನ್ಸರ್ ಹೆಚ್ಚು ಕಂಡುಬಂದಿದೆ ಎಂದರು. ಎಪ್ಪತ್ತು ವರ್ಷದೊಳಗೆ ಆ ರೋಗ ಬರುವ ಸಾಧ್ಯತೆ ಬಳಸದವರಲ್ಲಿ ನೂರಕ್ಕೆ 1.64, ಪದೇಪದೇ ಬಳಸುವವರಲ್ಲಿ 4.05 ಎಂಬುದು ಅವರ ಅಂದಾಜು. ಅದರಿಂದಲೇ ಇದಾಯಿತು ಎಂದು ಅಂಥ ಅಧ್ಯಯನ ಸಾಬೀತು ಮಾಡುವುದಿಲ್ಲ, ನಿಜ. ಆದರೆ ಬೆಳೆಯುವ ಹುಡುಗಿಯ ತಾಯಿಗೆ ಹಿಂದೆ ಸರಿಯಲು ಅಷ್ಟು ಸಾಕು.

"ಪಾರ್ಲರ್ ಬೇಡ ಪುಟ್ಟಿ, ಮನೇಲೇ ಮಾಡೋಣ. ಎಲ್ಲಾ ಅಡುಗೆಮನೇದೇ" ಎಂದೆ. ಅಡುಗೆಮನೆಯದು ಎಂದಮೇಲೆ ಕೇಡು ಮಾಡಲಾರದು ಎಂದು ಮನಸಾರೆ ನಂಬಿದ್ದೆ.

ಮೊದಲು ತೆಂಗಿನಹಾಲು, ಕಾರ್ನ್‌ಫ್ಲೋರ್, ನಿಂಬೆರಸ ಸೇರಿಸಿ ಕಾಯಿಸಿದ ಲೇಪ. ಹಚ್ಚಿ, ಬಾಚಿ, ಒಣಗಿಸಿದರೆ ಕೂದಲು ಭಾರವಾಗಿ ಇಳಿಬಿದ್ದು ನೆಟ್ಟಗೆ ಕಾಣುತ್ತಿತ್ತು. ಮಗಳು ಕನ್ನಡಿ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಮುಂದಿನ ತಲೆಸ್ನಾನಕ್ಕೆ ಎಲ್ಲಾ ತೊಳೆದುಹೋಗಿ ಸುರುಳಿ ಎಂದಿನಂತೆ ಎದ್ದು ನಿಲ್ಲುತ್ತಿತ್ತು. ಈಗ ಯೋಚಿಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಕಾಟನ್ ಸೀರೆಗೆ ಹಾಕುವ ಗಂಜಿಯನ್ನೇ ನಾನು ಅವಳ ತಲೆಗೆ ಹಾಕಿದ್ದೆ. ಪಿಷ್ಟದ ಕೆಲಸ ಎರಡೂ ಕಡೆ ಒಂದೇ, ಆಯುಸ್ಸೂ ಒಂದೇ. ಅಲ್ಲಿಗೇ ನಿಲ್ಲಿಸಿದ್ದರೆ ನಷ್ಟವೇನೂ ಇರಲಿಲ್ಲ.

ನಿಲ್ಲಿಸಲಿಲ್ಲ. ಲೇಪ ಸರಿಯಾಗಿ ಹಿಡಿಯದಿರುವುದು ಕೂದಲಿನ ಜಿಡ್ಡಿನಿಂದ ಎಂದು ಯಾರೋ ಹೇಳಿದ್ದನ್ನು ಕೇಳಿ, ಅಡುಗೆಸೋಡಾ ಕರಗಿಸಿದ ನೀರಿನಲ್ಲಿ ತಲೆ ತೊಳೆಯಲು ಶುರುಮಾಡಿದೆ. ನಾವಿರುವ ಬೆಂಗಳೂರಿನ ಹೊರವಲಯದಲ್ಲಿ ಬೋರ್‌ವೆಲ್ ನೀರೇ ಗತಿ. ಬಕೆಟ್ಟಿನ ಅಂಚಿನಲ್ಲಿ, ಗೀಸರಿನ ಒಳಗೆ ಬಿಳಿ ಪೊರೆ ಕಟ್ಟಿಸುವ ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿಗೂ ಅಂಟಿಕೊಂಡು ಬಿರುಸು ಮಾಡುತ್ತವೆ. ಸೋಡಾ ಕ್ಷಾರ. ಕ್ಷಾರ ತಾಗಿದರೆ ಕೂದಲು ಉಬ್ಬಿ ಅದರ ಮೇಲ್ಪದರ ಮೇಲೇಳುತ್ತದೆ. ಆ ಮೇಲ್ಪದರ ಇರುವುದು ಮಂಗಳೂರು ಹೆಂಚು ಹೊದಿಸಿದ ಮಾಡಿನ ಹಾಗೆ, ಒಂದರ ಮೇಲೊಂದು ಹರಡಿದ ಚಿಕ್ಕ ಚಿಕ್ಕ ಬಿಲ್ಲೆಗಳು, ಬುಡದಿಂದ ತುದಿಯ ಕಡೆಗೆ ಇಳಿಜಾರು. ಬಿಲ್ಲೆಗಳು ಅಡಕವಾಗಿ ಮಲಗಿದ್ದರೆ ಬೆಳಕು ಸಮನಾಗಿ ಪ್ರತಿಫಲಿಸಿ ಕೂದಲು ಹೊಳೆಯುತ್ತದೆ, ಬಾಚಣಿಗೆ ಜಾರುತ್ತದೆ. ಎದ್ದರೆ ಒಂದು ಎಳೆ ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ. ನುಣುಪು ಬೇಕೆಂದು ಹೊರಟ ನಾನು ನುಣುಪಿಗೆ ಕಾರಣವಾದದ್ದನ್ನೇ ವಾರವಾರ ಕೆದಕಿ ಎಬ್ಬಿಸುತ್ತಿದ್ದೆ. ಸಿಕ್ಕು ಹೆಚ್ಚಿತು. ಸಿಕ್ಕು ಬಿಡಿಸುವಾಗ ಅವಳು ಅಳುವುದೂ ಹೆಚ್ಚಿತು.

ಆ ಮೇಲೆ ಇಸ್ತ್ರಿ ಪೆಟ್ಟಿಗೆ. ಶಾಲೆಯ ವಾರ್ಷಿಕೋತ್ಸವದ ಬೆಳಿಗ್ಗೆ ಕೂದಲು ಇನ್ನೂ ಪೂರ್ತಿ ಆರಿರಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು. ಟೇಬಲ್ಲಿನ ಮೇಲೆ ಕೂದಲು ಹರಡಿ, ಮೇಲೊಂದು ತೆಳ್ಳಗಿನ ಬಟ್ಟೆ ಹಾಸಿ ಪೆಟ್ಟಿಗೆ ಎಳೆದೆ. ಊರಿಂದ ಬಂದಿದ್ದ ಅಮ್ಮ ಬಾಗಿಲಲ್ಲಿ ನಿಂತು, "ಮಗೂ ಕೂದ್ಲು ಕಣೇ ಅದು, ಸೀರೆ ಅಲ್ಲ" ಎಂದಳು. "ಸುಮ್ನಿರಮ್ಮ, ಬಟ್ಟೆ ಹಾಕಿದೀನಲ್ಲ" ಎಂದೆ. ಚುರ್ ಎಂದು ಸದ್ದಾಯಿತು, ಆವಿ ಎದ್ದಿತು. ಆವಿ ಬಂದರೆ ತೇವ ಹೋಗುತ್ತಿದೆ, ಒಳ್ಳೆಯದೇ ಎಂದುಕೊಂಡೆ. ಸಣ್ಣಗೆ ಸುಟ್ಟ ನಾತವೂ ಬಂತು. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ದಿನ ವೇದಿಕೆಯ ಮೇಲೆ ಅವಳ ಕೂದಲು ಚೆನ್ನಾಗಿಯೇ ಕಂಡಿತು. ಹಾಗಾಗಿ ಮತ್ತೆ ಮತ್ತೆ ಮಾಡಿದೆ.

ಕೆಲವು ವಾರಗಳಲ್ಲಿ ಕೂದಲು ನಡುವಿನಲ್ಲೇ ತುಂಡಾಗತೊಡಗಿತು. ಬುಡದಿಂದ ಉದುರುವುದು ಬೇರೆ. ಇವು ಅರ್ಧಕ್ಕೇ ಮುರಿದ ಗಿಡ್ಡ ಎಳೆಗಳು, ದಿಂಬಿನ ಮೇಲೆ, ಯೂನಿಫಾರ್ಮಿನ ಭುಜದ ಮೇಲೆ. ಚರ್ಮವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅವರು ಒಂದು ಎಳೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನನ್ನನ್ನು ನೋಡಲು ಹೇಳಿದರು. ಕೂದಲಿನ ಒಳಗೆ ಸಾಲಾಗಿ ಗುಳ್ಳೆಗಳು. ಇದಕ್ಕೆ ಬಬಲ್ ಹೇರ್ ಎಂದೇ ಹೆಸರಿದೆಯಂತೆ. ಒದ್ದೆ ಕೂದಲಿನ ಒಳಗೆ ಸಿಕ್ಕ ನೀರು ಬಿಸಿಗೆ ಒಮ್ಮೆಲೇ ಆವಿಯಾಗಿ, ಹೊರಬರಲು ಜಾಗವಿಲ್ಲದೆ ಒಳಗೇ ಪೊಳ್ಳು ಮಾಡಿಬಿಡುತ್ತದೆ. ಆ ಪೊಳ್ಳಿರುವಲ್ಲಿ ಕೂದಲು ಮುರಿಯುತ್ತದೆ. ನೀರು ಕುದಿಯುವುದು 100 ಡಿಗ್ರಿಗೆ, ಹತ್ತಿಬಟ್ಟೆಗೆಂದು ಇಟ್ಟ ಇಸ್ತ್ರಿ ಪೆಟ್ಟಿಗೆಯ ತಳ 200 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ನಾನು ಒಳ್ಳೆಯದೆಂದುಕೊಂಡ ಆವಿ ಅದೇ.

"ಇದನ್ನು ಸರಿ ಮಾಡುವ ಎಣ್ಣೆ, ಔಷಧಿ ಏನಾದರೂ..." ಎಂದೆ. ಇಲ್ಲ ಎಂದರು. ಚರ್ಮದ ಹೊರಗಿನ ಕೂದಲಿಗೆ ಜೀವವಿಲ್ಲ, ಗಾಯದಂತೆ ಅದು ಮಾಯುವುದಿಲ್ಲ. ಕತ್ತರಿಸಬೇಕು, ಹೊಸದು ಬರಬೇಕು. ಹೊಸದು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಸೊಂಟದ ಹತ್ತಿರ ಬರುತ್ತಿದ್ದ ಜಡೆ ಕಿವಿಯವರೆಗಾಯಿತು. ಬೇಸಿಗೆಯಲ್ಲೂ ಅವಳು ಹುಡ್ ಇರುವ ಸ್ವೆಟರ್ ಹಾಕಿಕೊಂಡು ಟ್ಯೂಷನ್ನಿಗೆ ಹೋದಳು.

ಕೂದಲು ಹಾಳಾದುದಕ್ಕಿಂತ ಹೆಚ್ಚಾಗಿ ನನ್ನನ್ನು ಕೊರೆದದ್ದು ಇನ್ನೊಂದು. ಅವಳಿಗೆ ತನ್ನ ಕೂದಲು ಬೇಡವೆನಿಸಿದ್ದು ಗೆಳತಿಯರಿಂದ ಎಂದೇ ನಾನು ತಿಳಿದಿದ್ದೆ. ಕತ್ತರಿಸಿದ ದಿನ ರಾತ್ರಿ ಅವಳು, "ನೀನೇ ಅಲ್ವಾಮ್ಮ ಯಾವಾಗಲೂ ಅಂತಿದ್ದಿದ್ದು, ಈ ಕೂದಲು ನನ್ನ ಪ್ರಾಣ ತೆಗೆಯುತ್ತೆ ಅಂತ" ಎಂದಳು. ಹೌದು. ಅಂಗನವಾಡಿಗೆ ಹೋಗುವಾಗಿನಿಂದ ಪ್ರತಿ ಬೆಳಿಗ್ಗೆ ಬಾಚುವಾಗ ಅಂದಿದ್ದೇನೆ. ಸಣ್ಣ ಹಲ್ಲಿನ ಹಣಿಗೆ ಹಿಡಿದು, ಒಣಕೂದಲನ್ನು ಮೇಲಿನಿಂದ ಕೆಳಕ್ಕೆ ಜಗ್ಗಿ, ಅವಳು ಅತ್ತರೆ ಕೂದಲನ್ನೇ ಬೈದಿದ್ದೇನೆ. ಗುಂಗುರು ಕೂದಲನ್ನು ಬಾಚುವ ಕ್ರಮವೇ ಅದಲ್ಲ. ಅಗಲ ಹಲ್ಲಿನ ಬಾಚಣಿಗೆ ಬೇಕು, ಕೂದಲು ತೇವವಾಗಿ ಜಾರುವಂತಿರಬೇಕು, ತುದಿಯಿಂದ ಶುರುಮಾಡಿ ಬುಡದತ್ತ ಹೋಗಬೇಕು. ಇಷ್ಟು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರ ಸಿಟ್ಟನ್ನು ಮಗುವಿನ ತಲೆಯ ಮೇಲೆ ತೀರಿಸಿಕೊಂಡೆ.

ಆ ಕೂದಲು ಬೆಳೆಯುವಷ್ಟು ಕಾಲ ನಾವಿಬ್ಬರೂ ಕೂತು ಕಲಿತೆವು. ನೇರ ಮತ್ತು ನುಣುಪು ಎಂದು ನಾನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದೆ, ಎರಡೂ ಬೇರೆ ಬೇರೆ ಎಂಬುದು ಆಗ ತಿಳಿಯಿತು. ನುಣುಪು ಮೇಲ್ಪದರದ ವಿಷಯ, ಅದನ್ನು ಮನೆಯಲ್ಲಿ ಪಡೆಯಬಹುದು. ಆಕಾರ ತೀರ್ಮಾನವಾಗುವುದು ನೆತ್ತಿಯ ಚರ್ಮದೊಳಗೆ, ಕೂದಲು ಹುಟ್ಟುವ ಗುಳಿಯಲ್ಲಿ. ಗುಳಿ ಬಾಗಿದ್ದರೆ ಕೂದಲೂ ಬಾಗಿಯೇ ಬರುತ್ತದೆ. ಹೊರಗೆ ಹಚ್ಚುವ ಬಾಳೆಹಣ್ಣು, ಅನ್ನದ ಲೇಪ, ಲೋಳೆಸರ ಯಾವುದೂ ಅಲ್ಲಿಗೆ ತಲುಪಿ ಅದನ್ನು ನೆಟ್ಟಗೆ ಮಾಡುವುದಿಲ್ಲ.

ಬಂದ ಆಕಾರವನ್ನು ಹಿಡಿದಿಡುವ ಬಂಧಗಳು ಮುಖ್ಯವಾಗಿ ಎರಡು ಬಗೆ. ಒಂದು ಗಂಧಕದ ಬಂಧ, ಬಲು ಗಟ್ಟಿ. ಕೂದಲು ಸುಟ್ಟಾಗ ಮೂಗಿಗೆ ಅಡರುವ ನಾತದಲ್ಲಿ ಈ ಗಂಧಕದ ಪಾಲಿದೆ. ಪಾರ್ಲರಿನಲ್ಲಿ ಶಾಶ್ವತವಾಗಿ ನೇರ ಮಾಡುವ ಥಯೋಗ್ಲೈಕೋಲೇಟ್‌ನಂಥವು ಮುರಿಯುವುದು ಇದನ್ನೇ. ಇನ್ನೊಂದು ಹೈಡ್ರೋಜನ್ ಬಂಧ. ನೀರು ತಾಗಿದರೆ ಬಿಡುತ್ತದೆ, ಒಣಗಿದಾಗ ಕೂದಲು ಯಾವ ಭಂಗಿಯಲ್ಲಿದೆಯೋ ಆ ಭಂಗಿಯಲ್ಲೇ ಮತ್ತೆ ಕಟ್ಟಿಕೊಳ್ಳುತ್ತದೆ. ಗಾಳಿಯ ತೇವಕ್ಕೆ ಕೂದಲು ಎಷ್ಟು ಸೂಕ್ಷ್ಮವೆಂದರೆ, 1783ರಲ್ಲಿ ಜಿನೀವಾದ ವಿಜ್ಞಾನಿ ಸೊಸ್ಯೂರ್ ಮನುಷ್ಯರ ಕೂದಲನ್ನೇ ಇಟ್ಟು ತೇವಮಾಪಕದ ವಿವರ ಪ್ರಕಟಿಸಿದ. ಗಾಳಿ ಒಣಗಿದ್ದರೆ ಕೂದಲು ಕುಗ್ಗುತ್ತದೆ, ತೇವವಿದ್ದರೆ ನೂರಕ್ಕೆ ಎರಡು ಎರಡೂವರೆಯಷ್ಟು ಉದ್ದವಾಗುತ್ತದೆ. ಹೀಗಾಗಿಯೇ ಬೆಂಗಳೂರಿನ ಫೆಬ್ರವರಿಯಲ್ಲಿ ದಿನಗಟ್ಟಲೆ ನಿಲ್ಲುವ ನೇರ ಕೂದಲು ಮಲೆನಾಡಿನ ಸಾಗರದ ಜುಲೈ ಮಳೆಯಲ್ಲಿ ಅಂಗಳ ದಾಟುವುದರೊಳಗೆ ಸುರುಳಿ ಸುತ್ತುತ್ತದೆ.

ಮನೆಯಲ್ಲಿ ನಮ್ಮ ಕೈಗೆ ಎಟಕುವುದು ಈ ಎರಡನೆಯ ಬಂಧ ಮಾತ್ರ ಎಂದು ಒಪ್ಪಿಕೊಂಡಮೇಲೆ ಕೆಲಸ ಹಗುರವಾಯಿತು. ತಲೆಸ್ನಾನದ ಹಿಂದಿನ ರಾತ್ರಿ ಸ್ವಲ್ಪ ಕೊಬ್ಬರಿಎಣ್ಣೆ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೊಬ್ಬರಿಎಣ್ಣೆ, ಸೂರ್ಯಕಾಂತಿಎಣ್ಣೆ, ಖನಿಜತೈಲ ಮೂರನ್ನೂ ಹಚ್ಚಿ ನೋಡಿದಾಗ ತೊಳೆಯುವಾಗಿನ ಪ್ರೋಟೀನ್ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿಎಣ್ಣೆ ಮಾತ್ರ. ಅದರ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು, ಕೂದಲಿನೊಳಕ್ಕೆ ಇಳಿಯುತ್ತದೆ. ಸಂಶೋಧಕರು ಕೊಬ್ಬರಿಎಣ್ಣೆ ಮಾರುವ ಮಾರಿಕೊ ಕಂಪನಿಯವರು ಎಂಬುದನ್ನೂ ಓದುಗರು ತಿಳಿದಿರಬೇಕು. ನನ್ನ ಮಗಳ ತಲೆಯಲ್ಲಂತೂ ಅದು ಕೆಲಸ ಮಾಡಿತು. ಹರಳೆಣ್ಣೆಯನ್ನು ನಾನು ಕೂದಲುದ್ದಕ್ಕೂ ಹಚ್ಚಲು ಹೋಗುವುದಿಲ್ಲ, ಅಷ್ಟು ಮಂದವಾದದ್ದು ಉದ್ದ ಕೂದಲನ್ನು ಬಿಡಿಸಲಾಗದಂತೆ ಗಂಟು ಹಾಕಬಹುದು.

ತೊಳೆಯಲು ಅಮ್ಮ ಕಳಿಸುವ ಸೀಗೆಪುಡಿ, ಇಲ್ಲವೇ ನೀರು ಬೆರೆಸಿದ ಶಾಂಪೂ. ಸಾಬೂನು ಗಡಸು ನೀರಿನಲ್ಲಿ ಅಂಟಂಟು ಗಸಿ ಬಿಡುತ್ತದೆ, ಸೀಗೆಯ ನೊರೆ ಬಿಡುವುದಿಲ್ಲ. ಊರಿಗೆ ಹೋದಾಗ ದಾಸವಾಳದ ಎಲೆ ಕಿವುಚಿ ಮಾಡಿದ ಗೊಂಪು. ಕೊನೆಯ ಒಂದೆರಡು ಚೊಂಬು ಮಾತ್ರ ಫಿಲ್ಟರಿನ ನೀರು. ಕಂಡೀಷನರನ್ನೂ ಬಳಸುತ್ತೇವೆ, ಬಿಟ್ಟಿಲ್ಲ. ಅದರಲ್ಲಿರುವುದೂ ರಾಸಾಯನಿಕವೇ, ಆದರೆ ಅದು ಬಂಧ ಮುರಿಯುವುದಿಲ್ಲ. ಸವೆದ ಜಾಗಕ್ಕೆ ಅಂಟಿ ಬಿಲ್ಲೆಗಳನ್ನು ಮಲಗಿಸುತ್ತದೆ. ಅಡುಗೆಸೋಡಾ ಮಾಡಿದ ಹಾನಿ ಕಣ್ಣಾರೆ ಕಂಡ ಮೇಲೆ ಅಡುಗೆಮನೆಯ ಡಬ್ಬಕ್ಕೊಂದು ನ್ಯಾಯ, ಅಂಗಡಿಯ ಬಾಟಲಿಗೊಂದು ನ್ಯಾಯ ಎಂದು ನನಗೆ ಅನ್ನಿಸುವುದಿಲ್ಲ.

ನೆಟ್ಟಗೆ ಬೇಕಾದ ದಿನಕ್ಕೆ ಅಗಸೆಬೀಜ. ಎರಡು ದೊಡ್ಡ ಚಮಚ ಬೀಜವನ್ನು ಎರಡು ಲೋಟ ನೀರಿನಲ್ಲಿ ಕುದಿಸಿ, ಮೊಟ್ಟೆಯ ಬಿಳಿಯಷ್ಟು ಲೋಳೆಯಾದ ಕೂಡಲೇ ತೆಳುಬಟ್ಟೆಯಲ್ಲಿ ಸೋಸಬೇಕು. ಆರಿದ ಮೇಲೆ ಸೋಸಲು ಹೋದರೆ ಒಂದು ಹನಿಯೂ ಇಳಿಯದು. ಅದನ್ನು ತೇವದ ಕೂದಲಿಗೆ ಸವರಿ, ಅಗಲ ಬಾಚಣಿಗೆಯಲ್ಲಿ ಬಾಚಿ, ತಲೆಯ ಸುತ್ತ ಚಪ್ಪಟೆಯಾಗಿ ಒಂದೇ ದಿಕ್ಕಿಗೆ ಸುತ್ತಿ, ಹಳೆಯ ಕಾಟನ್ ಸೀರೆಯ ತುಂಡು ಕಟ್ಟಿ ಪೂರ್ತಿ ಒಣಗಲು ಬಿಡಬೇಕು. ಬಿಗಿಯಾಗಿ ಎಳೆಯಬಾರದು. ಪದೇಪದೇ ಎಳೆದರೆ ಹಣೆಯಂಚಿನ ಕೂದಲು ಉದುರಿ ಮತ್ತೆ ಬಾರದೇ ಹೋಗಬಹುದು. ಬಿಚ್ಚಿದಾಗ ಬರುವುದು ಪಾರ್ಲರಿನ ಗೆರೆ ಎಳೆದಂಥ ನೇರವಲ್ಲ. ಮೆತ್ತಗೆ ಇಳಿಬಿದ್ದ, ಹೊಳೆಯುವ, ಮುಂದಿನ ಸ್ನಾನದವರೆಗೆ ಬಾಳುವ ಕೂದಲು.

ಮಗಳು ಈಗ ಪಿಯುಸಿ ಓದುತ್ತಿದ್ದಾಳೆ. ಬಹುಪಾಲು ದಿನ ಸುರುಳಿಯನ್ನು ಹಾಗೇ ಬಿಡುತ್ತಾಳೆ, ಯಾವುದಾದರೂ ಸಮಾರಂಭಕ್ಕೆ ಸುತ್ತಿ ಕಟ್ಟಿಕೊಳ್ಳುತ್ತಾಳೆ. ಮೊನ್ನೆ ನನ್ನ ಅಕ್ಕನ ಮಗಳು ಫೋನ್ ಮಾಡಿ, ಮದುವೆಗೆ ಮುಂಚೆ ಸ್ಮೂದನಿಂಗ್ ಮಾಡಿಸುತ್ತೇನೆ, ಡಬ್ಬದ ಮೇಲೆ ಫಾರ್ಮಾಲ್ಡಿಹೈಡ್ ಇಲ್ಲ ಅಂತಲೇ ಬರೆದಿದೆ ಎಂದಳು. ಫೋನ್ ಇಸಿದುಕೊಂಡವಳು ನನ್ನ ಮಗಳು. "ಅಕ್ಕಾ, ಗ್ಲಯಾಕ್ಸಿಲಿಕ್ ಆಸಿಡ್ ಅಂತ ಇದ್ಯಾ ಓದು" ಎಂದು, 2024ರಲ್ಲಿ ಫ್ರಾನ್ಸಿನ ವೈದ್ಯರು ಬರೆದ ಇಪ್ಪತ್ತಾರರ ಯುವತಿಯ ವಿಷಯ ಹೇಳಿದಳು. ಆ ಆಮ್ಲವಿದ್ದ ಕ್ರೀಮಿನಿಂದ ಕೂದಲು ನೇರ ಮಾಡಿಸಿಕೊಂಡ ಮೂರು ಸಲವೂ ಆಕೆಯ ಮೂತ್ರಪಿಂಡಕ್ಕೆ ಪೆಟ್ಟಾಗಿತ್ತು. ಆಮೇಲೆ, ಮದುವೆ ಯಾವ ತಿಂಗಳು, ಎಲ್ಲಿ, ಮನೆಗೆ ಯಾವ ನೀರು ಬರುತ್ತೆ, ನೆಟ್ಟಗೆ ಬೇಕಾದದ್ದು ನಿನಗಾ ಫೋಟೋದವರಿಗಾ ಎಂದೆಲ್ಲ ವಿಚಾರಿಸಿದಳು. ನನಗೇ ಬೇಕು, ಆರತಕ್ಷತೆಯ ಸಂಜೆಗೆ ಮಾತ್ರ ಎಂದಳಂತೆ ಅಕ್ಕನ ಮಗಳು. ಹಾಗಾದರೆ ಹಿಂದಿನ ದಿನವೇ ತಲೆಗೆ ನೀರು ಹಾಕಿಕೋ, ನಾನು ಬಂದು ಸುತ್ತಿ ಕಟ್ಟುತ್ತೇನೆ ಎಂದು ಹೇಳಿ, ಅರ್ಧ ಕೆಜಿ ಅಗಸೆಬೀಜ ತರಲು ಚೀಟಿ ಬರೆದು ನನ್ನ ಕೈಗೆ ಕೊಟ್ಟಳು.