ಗಾಡಿಗಿ ಜೋರು ಮೊದಲೋ, ತಂಪು ಮೊದಲೋ

ಅಕ್ಕಾರ, ನಮ್ಮ ಸಣ್ಣ ಮಗಾ ಟರ್ಬೊ ಡೀಸೆಲ್ ಗಾಡಿಗಿ ಟ್ಯೂನಿಂಗ್ ಮಾಡಸ್ತೀನಿ ಅಂತ ಹಟಾ ಹಿಡಿದಿದ್ದ. ಎಂಜಿನ್ ಕಂಪ್ಯೂಟರದಾಗ ಲೆಕ್ಕ ಬದಲ ಮಾಡಿದ್ರ ಜೋರು ಹೆಚ್ಚಾಗತೈತಂತ. ಆದ್ರ ಹೋದ ಬ್ಯಾಸಗ್ಯಾಗ ಅತ್ತಿಯವ್ರನ್ನ ಬಾಗಲಕೋಟಿ ದವಾಖಾನಿಗಿ ಒಯ್ಯೂವಾಗ ಇದ ಗಾಡಿ ಕಾದು ದಾರ್ಯಾಗ ನಿಂತಿತ್ತು. ಜಾಲಿ ನೆಳ್ಳಾಗ ಮುದುಕಿಗಿ ಸೆರಗಿಲೆ ಗಾಳಿ ಹಾಕಿದಾಕಿ ನಾನು.

"ತಮ್ಮಾ, ಕಟಗಿ ಹೆಚ್ಚು ಹಾಕಿದ್ರ ಉರಿ ಜೋರಾಗತೈತಿ, ಗಡಗಿ ತಡಿಬೇಕಲ್ಲ?" ಅಂದೆ.

ಟರ್ಬೊ ಗಾಳಿ ಒತ್ತಿ ತುಂಬತೈತಿ, ಒತ್ತಿದ ಗಾಳಿ ಕಾಯತೈತಿ. ಅದನ್ನ ಆರಸಾಕ ಇಂಟರ್‌ಕೂಲರ್, ಎಂಜಿನ್ ಆರಸಾಕ ರೇಡಿಯೇಟರ್. ಮೇಸ್ತ್ರಿ ಬಿಚ್ಚಿ ನೋಡಿದ್ರ ರೇಡಿಯೇಟರದಾಗ ನಮ್ಮ ಬಚ್ಚಲ ಹಂಡೇದಾಗಿನಂಗ ಬಿಳಿ ಸುಣ್ಣ! ಬೋರ್ ನೀರು ಹಾಕಿದವ ಮಗಾನ. ಸಿಟ್ಟೂ ಬಂತು, ನಗೂ ಬಂತು.

ದೊಡ್ಡ ಇಂಟರ್‌ಕೂಲರ್ ಹಾಕಸೋಣು ಅಂದ. ಅದು ಒಳಗ ಹೋಗೋ ಗಾಳಿಗಷ್ಟ, ಸುಣ್ಣ ಕಟ್ಟಿದ್ದಕ್ಕ ಔಷಧ ಅಲ್ಲ ಅಂದ ಮೇಸ್ತ್ರಿ. ಹೊಸ ರೇಡಿಯೇಟರ್ ಹಾಕಿಸಿ, ಬ್ಯಾಟರಿಗಿ ಹಾಕೋ ನೀರಿನಾಗ ಕೂಲಂಟ್ ಕೂಡಿಸಿ ತುಂಬಿಸಿದ್ವಿ. ಟ್ಯೂನಿಂಗ್ ರೊಕ್ಕ ಅಲ್ಲೇ ಮುಗೀತು. (ಕಾದಾಗ ಮುಚ್ಚಳ ಮಾತ್ರ ತಗೀಬ್ಯಾಡ್ರೆವ್ವಾ, ಕುದಿ ನೀರು ಮಾರಿಗೇ ಸಿಡಿತೈತಿ.)

ಎರಡು ದಿನ ಮಾತಾಡ್ಲಿಲ್ಲ ಹುಡುಗ. ಮೊನ್ನೆ ಮುದ್ದೇಬಿಹಾಳದಿಂದ ಜೋರ್ಲೆ ಬಂದವ ನೀಲಮ್ಮನ ಗುಡಿ ಮುಂದ ಎಂಜಿನ್ ಬಂದ್ ಮಾಡದ ಕುಂತಿದ್ದ. "ಯಾಕೋ?" ಅಂದೆ.

"ಟರ್ಬೊ ಒಂದೀಟು ಆರಲಿ ತಡಿ ಅವ್ವಾ" ಅಂದ.