ಎದ್ದು ಬಂದ ಮನೆಗಳು

ಇಟಲಿಯ ಪಾಂಪೇ ನಗರವು ಕ್ರಿ. ಶ. 79ರಲ್ಲಿ ವೆಸೂವಿಯಸ್ ಅಗ್ನಿಪರ್ವತದ ಬೂದಿಯಲ್ಲಿ ಹೂತುಹೋಯಿತು. ಹೂತುಹೋದುದರಿಂದಲೇ ಅದು ಉಳಿಯಿತು. ಅಲ್ಲಿಯ ಬೀದಿ, ಅಂಗಡಿ, ರೊಟ್ಟಿಯ ಒಲೆಗಳನ್ನು ಮಾರ್ಗದರ್ಶಕರು ಇಂದಿಗೂ ಪ್ರವಾಸಿಗರಿಗೆ ತೋರಿಸುತ್ತಾರೆ. ನಮ್ಮ ಕರಾವಳಿಯಲ್ಲಿ ಅಗ್ನಿಪರ್ವತವಿಲ್ಲ. ಹಳೆಯದನ್ನು ಅಳಿಸಲು ಇಲ್ಲಿ ಮಳೆ ಮತ್ತು ಗೆದ್ದಲುಗಳೇ ಸಾಕು. ಅವುಗಳ ಜೊತೆಗೆ ಮನುಷ್ಯನ ಅವಸರವೂ ಸೇರಿದರೆ ಕೇಳುವುದೇ ಬೇಡ.

ಅಂತಹ ಅಳಿವಿನಿಂದ ಪಾರಾದ ಮನೆಗಳದೇ ಒಂದು ಊರು ಮಣಿಪಾಲದಲ್ಲಿದೆ. ಅದು ಹಸ್ತಶಿಲ್ಪ ಹೆರಿಟೇಜ್ ವಿಲೇಜ್. ನಂದಿಕೂರಿನಿಂದ ನಾವು ನಾಲ್ಕಾರು ಮಂದಿ ಹಿರಿಯರು ಒಂದು ಬೆಳಗ್ಗೆ ಅಲ್ಲಿಗೆ ಹೋದೆವು. ಮಾರ್ಗದರ್ಶಕನಾದ ತರುಣನು ಒಂದೊಂದೇ ಮನೆಯನ್ನು ವಿವರಿಸುತ್ತ ಮುಂದೆ ನಡೆದನು. ಕಾರ್ಕಳದ ಕಡೆಯ ಮಿಯಾರಿನ ಮನೆ, ಕುಂದಾಪುರದ ಕಡೆಯ ಹರ್ಕೂರಿನ ಮನೆ, ಕುಕನೂರಿನಿಂದ ಬಂದ ವಿಜಯನಗರ ಕಾಲದ ಕಮಲ ಮಹಲು, ಹುಮನಾಬಾದಿನ ನವಾಬರ ಮಹಲು! ನೂರಾರು ಮೈಲಿ ದೂರವಿದ್ದವು ಇಲ್ಲಿ ನೆರೆಹೊರೆಯಾಗಿವೆ.

ಇದನ್ನು ಕಟ್ಟಿದ ವಿಜಯನಾಥ ಶೆಣೈಯವರು ಪುರಾತತ್ತ್ವಜ್ಞರಲ್ಲ, ಬ್ಯಾಂಕಿನ ಉದ್ಯೋಗಿಯಾಗಿದ್ದವರು. ಕೆಡವಿದ ಮನೆಗಳ ಕಂಬ ಬಾಗಿಲುಗಳು ಸೌದೆಯ ಬೆಲೆಗೆ ಹೋಗುವುದನ್ನು ಅವರಿಂದ ನೋಡಲಾಗಲಿಲ್ಲ. ಮೊದಲು ಅವುಗಳಿಂದ ತಮಗೊಂದು ಮನೆ ಕಟ್ಟಿಕೊಂಡರು. ಬಳಿಕ ಇಡೀ ಮನೆಗಳನ್ನೇ ತರತೊಡಗಿದರು. 2017ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಇದೇ ಧ್ಯಾನ.

ಮನೆಯನ್ನು ತರುವುದೆಂದರೇನು? ಕುಂಜೂರಿನ ಚೌಕಿಮನೆಯಲ್ಲಿ ನಿಂತಾಗ ಅದು ತಿಳಿಯಿತು. ನಡುವೆ ಆಕಾಶಕ್ಕೆ ತೆರೆದ ಅಂಗಳ. ಮಾಡಿನ ನಾಲ್ಕು ಬದಿಯ ನೀರೂ ಅಲ್ಲಿಗೇ ಇಳಿಯಬೇಕು. ಬೆಳಕೂ ಗಾಳಿಯೂ ಅಲ್ಲಿಂದಲೇ. ಹಿಂದಿನ ಬಡಗಿಗಳು ಮರಕ್ಕೆ ಮರವನ್ನು ಕೂಡಿಸಿದ್ದು ಕೀಲು ಬೆಣೆಗಳಿಂದ. ಆದುದರಿಂದಲೇ ತುಂಡು ತುಂಡಿಗೂ ಗುರುತು ಹಾಕಿ ಬಿಚ್ಚಬಹುದು, ಮತ್ತೆ ಜೋಡಿಸಬಹುದು. ಇಂದಿನ ಕಾಂಕ್ರೀಟಿನ ಮನೆಗೆ ಈ ಭಾಗ್ಯವಿಲ್ಲ.

ಮನೆಗಳನ್ನು ಮಾರಿದವರನ್ನು ಹಳಿಯುವುದು ಸುಲಭ. ಆದರೆ ಅವು ಕೂಡುಕುಟುಂಬಕ್ಕಾಗಿ, ಗೇಣಿಯ ಅಕ್ಕಿಯನ್ನು ನಂಬಿ ಕಟ್ಟಿದ ಮನೆಗಳು. 1974ರ ಭೂಸುಧಾರಣೆಯಿಂದ ಉಳುವವನು ಒಡೆಯನಾದನು. ಅದು ನ್ಯಾಯವೇ. ಕುಟುಂಬಗಳು ಪಾಲಾದವು, ಮಕ್ಕಳು ಮುಂಬಯಿಗೆ ಹೋದರು. ಅಷ್ಟು ದೊಡ್ಡ ಮಾಡಿಗೆ ವರ್ಷ ವರ್ಷವೂ ಹಂಚು ಹೊದಿಸುವವರಾರು?

ಆದರೂ ನನ್ನ ಮನಸ್ಸು ಪೂರ್ತಿ ಒಪ್ಪಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಗಳಿವೆ, ಹೊಗೆಯ ವಾಸನೆಯಿಲ್ಲ. ತೊಟ್ಟಿಲಿದೆ, ತೂಗುವವರಿಲ್ಲ. ಪಾಂಪೇಯ ಮನೆಗಳಿಗೆ ಕಡೆಯಪಕ್ಷ ತಮ್ಮ ನೆಲವಾದರೂ ಉಳಿಯಿತು. ಆದರೆ ತನ್ನ ನೆಲದಲ್ಲೇ ಗೆದ್ದಲಿಗೆ ಆಹಾರವಾಗುವುದು ಮೇಲೇ ಎಂದು ಕೇಳಿಕೊಂಡಾಗ ಶೆಣೈಯವರ ಪಕ್ಷವನ್ನೇ ಹಿಡಿಯಬೇಕಾಯಿತು.

ನಮ್ಮೊಡನಿದ್ದ ವೃದ್ಧೆಯೊಬ್ಬರು ಅದುವರೆಗೆ ಮಾತಾಡಿರಲಿಲ್ಲ. ಒಂದು ಚಾವಡಿಯ ಮೂಲೆಯನ್ನು ನೋಡುತ್ತ, “ಮಗಾ, ಈ ಮನೆಯ ದೈವ ಎಲ್ಲಿದೆ?” ಎಂದು ಕೇಳಿದರು.

ತರುಣನು ಕ್ಷಣಕಾಲ ಯೋಚಿಸಿದನು. “ಮರವನ್ನು ತಂದರು, ಅಮ್ಮಾ. ದೈವ ಅಲ್ಲೇ ಇರಬೇಕು” ಎಂದನು.

ಆಕೆ ಹೊಸ್ತಿಲನ್ನು ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಂಡು ಹೊರಗೆ ಬಂದರು.