ತಾಡಪತ್ರಿಯ ದರ

ನಮ್ಮ ಸೀಮೆಯಲ್ಲಿ ಫೆಬ್ರುವರಿ, ಮಾರ್ಚ್ ತಿಂಗಳುಗಳೆಂದರೆ ಬಿಳಿಜೋಳದ ರಾಶಿಯ ಕಾಲ. ಅಕ್ಕಲಕೋಟೆಯ ಎರೆಹೊಲದಲ್ಲಿ ಬೆಳೆದ ಮಾಲದಂಡಿ ಜೋಳದ ತೆನೆಗಳು ಕಣಕ್ಕೆ ಬಂದು ಬೀಳುವ ಹೊತ್ತಿಗೇ ಆಕಾಶ ಕಪ್ಪಿಡುವುದು ಈಚೆಗೆ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ನೆನೆದ ಕಾಳು ಕಪ್ಪಾಗುತ್ತದೆ. ಕಪ್ಪಾದ ಜೋಳಕ್ಕೆ ಪೇಟೆಯಲ್ಲಿ ಬೆಲೆಯಿಲ್ಲ, ಮನೆಯ ರೊಟ್ಟಿಗೂ ಅದು ಸಲ್ಲದು. ಆದಕಾರಣ ಊರಿನಲ್ಲಿರುವ ಅಣ್ಣ ಈ ಸಲ ಫೋನು ಮಾಡಿ, "ಮೂವತ್ತ ಅಡಿ ಉದ್ದ, ಇಪ್ಪತ್ತ ಅಡಿ ಅಗಲದ್ದೊಂದು ಗಟ್ಟಿ ತಾಡಪತ್ರಿ ಬೇಕು. ನೀ ಸೋಲಾಪುರದಾಗ ಇದ್ದಿ, ನಾಕ ಕಡೆ ದರ ಕೇಳಿ ತಿಳಸು" ಎಂದು ಅಪ್ಪಣೆ ಮಾಡಿದ.

ಸೋಲಾಪುರವೆಂದರೆ ಬಟ್ಟೆಯ ಊರು. 1877ರಲ್ಲಿ ಇಲ್ಲಿ ಮೊದಲ ಗಿರಣಿ ತಲೆಯೆತ್ತಿತು. ಇಲ್ಲಿಯ ಚಾದರಕ್ಕೆ ದೇಶದಲ್ಲೆಲ್ಲ ಹೆಸರಿದೆ. ಇಂಥ ಊರಿನಲ್ಲಿ ಒಂದು ತುಂಡು ಬಟ್ಟೆಯ ದರ ಕೇಳಿ ಬರುವುದು ಎಷ್ಟರ ಕೆಲಸವೆಂದು ವಾಚಕರಿಗೆ ಅನಿಸಬಹುದು.

ಮೊದಲನೆಯ ಅಂಗಡಿಯವನು ಅಳತೆ ಕೇಳಿದೊಡನೆ ಚೀಟಿಯ ಹಿಂದೆ ಒಂದು ಅಂಕಿ ಬರೆದು ಕೈಗಿತ್ತ. ಎರಡನೆಯವನು ಅದರ ಅರ್ಧಕ್ಕೇ ಕೊಡುವೆನೆಂದ. ಮೂರನೆಯ ಅಂಗಡಿಯ ಹಿರಿಯರು ಮಾತ್ರ ಬೆಲೆಯ ಮಾತನ್ನೇ ಎತ್ತಲಿಲ್ಲ. ನಾನು ಮರಾಠಿಯಲ್ಲಿ ಆರಂಭಿಸಿದ್ದೆ. ನನ್ನ ಉಚ್ಚಾರವನ್ನು ಗುರುತಿಸಿಯೋ ಏನೋ, ಅವರು ಕನ್ನಡಕ್ಕೆ ತಿರುಗಿದರು.

"ಯಾತಕ್ಕ ಬೇಕ್ರಿ? ಮ್ಯಾಲ ಕಟ್ಟಾಕೋ, ರಾಶಿ ಮುಚ್ಚಾಕೋ?"

"ರಾಶಿ ಮುಚ್ಚಾಕರಿ."

"ಎಷ್ಟ ದಿವಸ ಬಿಸಲಾಗ ಇರತೈತಿ? ಗಾಳಿ ಯಾ ದಿಕ್ಕಿಂದರಿ?"

ಹೀಗೆ ಕಾಲು ತಾಸು ಪ್ರಶ್ನೆಗಳೇ ನಡೆದವು. ಬೆಲೆ ಹೇಳಿದಾಗ ಅದು ಎಲ್ಲಕ್ಕಿಂತ ಹೆಚ್ಚಾಗಿತ್ತು.

ಆದರೆ ಮೂವರೂ ಹೇಳಿದ್ದು ಒಂದೇ ಸಾಮಾನಿನ ಬೆಲೆಯಲ್ಲವೆಂಬುದು ಆ ಹಿರಿಯರ ಪ್ರಶ್ನೆಗಳಿಂದಲೇ ತಿಳಿದುಬಂದಿತು. ಎರಡನೆಯವನದು ಪ್ಲಾಸ್ಟಿಕ್ ಹಾಳೆ. ಅದು ನೀರನ್ನು ತಡೆಯುವುದು ನಿಜ. ಆದರೆ ಬಿಸಿಲಿಗೆ ಬಲುಬೇಗ ಪೆಡಸಾಗಿ ಹರಿಯುತ್ತದೆ, ಅದರ ಕೆಳಗೆ ಹಸಿ ಕಾಳು ಬೆವರುತ್ತದೆ. ಮೊದಲನೆಯವನದು ಹತ್ತಿಯದೇ, ಆದರೆ ಚದರ ಮೀಟರಿಗೆ 250 ಗ್ರಾಂ ತೂಕದ್ದು. ಹಿರಿಯರದು 400 ಗ್ರಾಂ, ಅದೂ ಮೇಣ ಹಚ್ಚಿದ ಮೇಲಿನ ತೂಕವೆಂದು ಅವರೇ ಬಿಡಿಸಿ ಹೇಳಿದರು. ನಮ್ಮ ಅಳತೆ ಸುಮಾರು 56 ಚದರ ಮೀಟರು. ಲೆಕ್ಕ ಹಾಕಿದರೆ ಒಂದು 14 ಕಿಲೋ, ಇನ್ನೊಂದು 22 ಕಿಲೋಕ್ಕೆ ಮಿಕ್ಕಿತು! ಅಷ್ಟೇ ಅಲ್ಲ, ಮೂವತ್ತಡಿ ಎಂದರೆ ಕತ್ತರಿಸಿದ ಅಳತೆಯೋ, ಅಂಚು ಮಡಿಚಿ ಹೊಲಿದ ಮೇಲಿನದೋ? ಅಂಚಿನೊಳಗೆ ಹಗ್ಗವಿದೆಯೋ? ಹಗ್ಗ ಪೋಣಿಸುವ ಕಣ್ಣುಗಳು ಹಿತ್ತಾಳೆಯವೋ, ಎಷ್ಟೆಷ್ಟು ಅಂತರಕ್ಕೆ? ತೆರಿಗೆ ಬೆಲೆಯಲ್ಲಿ ಸೇರಿದೆಯೋ? ಮೊದಲಿನ ಚೀಟಿಯಲ್ಲಿ ಇವಾವುವೂ ಇರಲಿಲ್ಲ, ಅಂಕಿಯೊಂದೇ ಇತ್ತು.

ಸಮುದ್ರ ಕಾಣದ ಸೀಮೆ ನಮ್ಮದು. ಆದರೂ ಈ ತಾಡಪತ್ರಿ ಹಡಗಿನ ಹಾಯಿಯ ಒಡಹುಟ್ಟು. ಹೆಸರಿನಲ್ಲಿ ತಾಳೆಗರಿ ಇದ್ದರೂ, ಇದನ್ನೇ ಟಾರ್ಪಾಲು ಎಂದಾಗ ಆ ಪದದಲ್ಲಿರುವುದು ನಾವಿಕರು ಬಟ್ಟೆಗೆ ಬಳಿಯುತ್ತಿದ್ದ ಡಾಂಬರು. ಹಾಯಿಯ ಬಟ್ಟೆಯನ್ನೂ ತೂಕದಿಂದಲೇ ಗೊತ್ತುಮಾಡುತ್ತಾರೆ. ಅದರ ಅಂಚಿಗೂ ಹಗ್ಗ, ಮೂಲೆಗೂ ಕಣ್ಣು. ದೋಣಿ ಯಾವುದು, ಯಾವ ಗಾಳಿಯಲ್ಲಿ ಓಡಬೇಕು ಎಂದು ಕೇಳದೆ ಬೆಲೆ ಹೇಳುವ ಹಾಯಿಗಾರನನ್ನು ಕಡಲಿಗಿಳಿಯುವವನು ನಂಬುವುದುಂಟೇ? ನಮ್ಮ ಕಣದ ಮೇಲೆ ಬೀಸುವ ಗಾಳಿಗೂ ಕಡಿಮೆ ಬಲವಿಲ್ಲ.

ಅಣ್ಣನಿಗೆ ಮೂರೂ ದರಗಳನ್ನು ವಿವರಸಮೇತ ಬರೆದು ಕಳುಹಿಸಿದೆ. ಆತ ಒಂದು ದಿನ ಸುಮ್ಮನಿದ್ದು, ಮರುದಿನ, "ಆ ಮುದುಕರದೇ ಇರಲಿ. ಚೌಕಾಶಿ ಮಾಡಬ್ಯಾಡ, ಕಣ್ಣ ಮಾತ್ರ ಎರಡ ಅಡಿಗೊಂದ ಹಾಕಸು" ಎಂದ.

ತಾಡಪತ್ರಿ ಊರು ಮುಟ್ಟಿದಾಗ ಆತ ಅದನ್ನು ಬಿಚ್ಚುವ ಮೊದಲೇ ತಕ್ಕಡಿಗೆ ಏರಿಸಿದನಂತೆ. ಹಗ್ಗ, ಕಣ್ಣುಗಳು ಸೇರಿ 25 ಕಿಲೋ ತೂಗಿತು. ಆ ವಾರವೇ ಒಂದು ರಾತ್ರಿ ಮಳೆ ಬಂದಿತು. ರಾಶಿ ಒಣಗಿದ್ದು ಒಣಗಿದಂತೆಯೇ ಉಳಿಯಿತು. ಹತ್ತಿಯ ಬಟ್ಟೆಯಾದುದರಿಂದ ಹಸಿಯಿದ್ದಾಗ ಮಡಿಚಿಟ್ಟರೆ ಬೂಸಲು ಹಿಡಿಯುತ್ತದೆಂದು, ಅದನ್ನು ಎರಡು ದಿನ ಅಂಗಳದಲ್ಲಿ ಹರವಿದ್ದರು. ಈಗ ಅತ್ತಿಗೆ ಶಾವಿಗೆ ಒಣಗಿಸುವುದಕ್ಕೆ ಅದನ್ನೇ ಕೇಳುತ್ತಿದ್ದಾರೆ. ಅಣ್ಣ ಇನ್ನೂ ಒಪ್ಪಿಲ್ಲ.